ಕೆಂಪು ಕಾಗದದ ಹಿಂದಿನ ದೀಪ

ಜಾರ್ಜ್‌ಟೌನ್, ಮಂಗಳವಾರ

ದೇವಸ್ಥಾನದ ಮೇಲ್ವಿಚಾರಕರಾದ ಖೂ ಅಂಕಲ್ ಅವರಿಗೆ, ನಮಸ್ಕಾರ.

ನನ್ನ ಗಂಡ ಬೂನ್ ಸಿಯಾಂಗನ ಚಿತಾಭಸ್ಮವನ್ನು ಅತ್ತೆ ತಮ್ಮ ಊರು ಇಪೋಗೆ ಒಯ್ದ ಮೇಲೂ ಇಲ್ಲಿ ಅದನ್ನಿಟ್ಟಿದ್ದ ಗೂಡಿನ ದೀಪ ಆರಿಲ್ಲವೆಂದು ನೀವು ಬೈದಿರಿ. ಬೈದದ್ದು ಸರಿ, ದೀಪಗಳ ಪ್ರೋಗ್ರಾಂ ಬರೆದವಳು ನಾನೇ. ಅದರಲ್ಲಿ ಪ್ರತಿ ಹೆಸರಿಗೂ ಆಬ್ಜೆಕ್ಟ್ ಎಂಬ ಒಂದು ದಾಖಲೆ ಇದೆ. ಹೆಸರು ತೆಗೆದು ಅದು ಅಳಿಯುವಾಗ ಅದರ ಡಿಸ್ಟ್ರಕ್ಟರ್ ಎಂಬ ತುಣುಕು ತಾನಾಗಿ ಓಡಿ, ಕೊನೆಯ ಕೆಲಸವಾಗಿ ದೀಪ ಆರಿಸುತ್ತದೆ. ಆದರೆ ಇನ್ನೊಂದು ಆಬ್ಜೆಕ್ಟ್ ಅದನ್ನು ಹಿಡಿದುಕೊಂಡಿದ್ದರೆ ಅದು ಅಳಿಯುವುದೇ ಇಲ್ಲ. ಜೋಡಿ ಗೂಡಿನ ಗಂಡಹೆಂಡಿರು ಪರಸ್ಪರ ಹಿಡಿದಿರುವಂತೆ ಬರೆದದ್ದು ನನ್ನ ಹೆಡ್ಡತನ.

ಆದರೂ ಬದುಕಿರುವವರ ಹೆಸರನ್ನು ನಾವು ಸೇರಿಸುವುದಿಲ್ಲವಲ್ಲ, ಅವರ ಪಾಲಿನ ಖಾಲಿ ಗೂಡಿಗೆ ದೀಪ ಹಚ್ಚದೆ ಕೆಂಪು ಕಾಗದ ಅಂಟಿಸಿ ಬಿಡುತ್ತೇವೆ. ಅವನನ್ನು ಹಿಡಿದಿರುವವರು ಯಾರೆಂದು ನಿನ್ನೆ ಹುಡುಕಿದೆ. ಪಟ್ಟಿಯಲ್ಲಿ ನನ್ನ ಹೆಸರಿತ್ತು. ‘ಸೇರಿಸಿದವರು’ ಎಂಬಲ್ಲಿ ಅವನ ಹೆಸರು, ಅವನನ್ನು ಸುಟ್ಟ ಮರುದಿನದ ತಾರೀಖು.

“ನಿನ್ ಕಾಗದದ ಹಿಂದೆಯೂ ಬೆಳಕು ಕಾಣ್ತಿದೆ ಕಣಮ್ಮ, ವೈರ್ ನೋಡು” ಎಂದು ಫೋನಿನಲ್ಲಿ ನಕ್ಕಿರಿ. ವೈರ್ ಸರಿಯಾಗಿದೆ.

ಹಿಡಿತ ಬಿಡಿಸುವ ಒಂದು ಸಾಲು ಬರೆದಿಟ್ಟಿದ್ದೇನೆ. ಅದನ್ನು ಓಡಿಸಿದರೆ ಮೊದಲು ಅವನ ದೀಪ ಆರುತ್ತದೆ, ಬೆನ್ನಿಗೇ ನನ್ನದು. ಇನ್ನೂ ಓಡಿಸಿಲ್ಲ. ಕಾಗದ ಕೀಳಬೇಡಿ. ಅತ್ತೆ ಕೇಳಿದರೆ ವೈರ್ ಕೆಟ್ಟಿದೆ ಎಂದುಬಿಡಿ.

ಇನ್ನೂ ಇರುವ,
ಯೋ ಪೆಕ್ ಹೂನ್