ಕತ್ತು ತಿರುಗಿತು

ಚೂಟಿ,

ನಿನ್ನ ಮಸಾಜ್ ಕೋಣೆಯ ಟವೆಲುಗಳನ್ನು ಹಿಂಡುತ್ತಿದ್ದವಳು ಅರ್ಧಕ್ಕೇ ಬಿಟ್ಟು ಹೊರಟಿದ್ದೇನೆ. ಉಳಿದವನ್ನು ನೀನೇ ಹಿಂಡಿ ಒಣಹಾಕು. ಎಣ್ಣೆ ಜಿಡ್ಡು ಹೋಗಿರದಿದ್ದರೆ ಇನ್ನೊಮ್ಮೆ ಬಿಸಿನೀರು ಹಾಕು, ಗೊಣಗಬೇಡ. ಊಟ ಮುಚ್ಚಿಟ್ಟಿದ್ದೇನೆ. ನಿಂತುಕೊಂಡು ತಿನ್ನಬೇಡ.

ನೀನು ಕೆಲಸ ಮಾಡುವುದನ್ನು ನಾನು ನೋಡಿದ್ದು ನಿನ್ನೆಯೇ ಮೊದಲು. ಕತ್ತು ಹಿಡಿದುಕೊಂಡಿದ್ದ ಆ ಆಫೀಸಿನ ಸಾಹೇಬರು ಒಳಗೆ ಬಂದಾಗ, ಯಾರಾದರೂ ಕರೆದರೆ ಇಡೀ ಮೈ ತಿರುಗಿಸಬೇಕಿತ್ತು, ಥೇಟ್ ಬೀರುವಿನ ಹಾಗೆ. "ನೋವಿರೋದು ಕತ್ತಲ್ಲಿ, ಇಲ್ಲೇ ಜೋರಾಗಿ ಒತ್ತಮ್ಮ" ಎಂದು ಜೋರು ಮಾಡಿದರು. ನೀನು ಜಗ್ಗಲಿಲ್ಲ. "ಮೊದ್ಲು ಭುಜ ಇಳಿಸಿ ಸಾರ್, ಕಿವಿಗೆ ನೇತುಹಾಕ್ಕೊಂಡು ಬಂದಿದ್ದೀರಿ" ಎಂದು ನಗಿಸಿ, ಭುಜದಿಂದಲೇ ಶುರುಮಾಡಿದೆ. ಎಲ್ಲ ಮುಗಿದು ಏಳುವಾಗ ಅವರು ಕತ್ತನ್ನಷ್ಟೇ ತಿರುಗಿಸಿ ನನ್ನತ್ತ ನೋಡಿ, "ತಾವ್ಯಾರು?" ಎಂದರು. "ಇವಳ ಅಜ್ಜಿ" ಎಂದೆ. ಹಾಗೆನ್ನುವಾಗ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು ಕಣೇ.

ನೀನು ಈ ಕೆಲಸ ಹಿಡಿದಾಗ ನಿಮ್ಮಪ್ಪ, "ಮೈ ಉಜ್ಜೋಕಾ ನಿನ್ನ ಓದಿಸಿದ್ದು?" ಎಂದು ನಿನ್ನ ಜೊತೆ ಮಾತು ಬಿಟ್ಟನಲ್ಲ, ಅಂದಿನಿಂದ "ಅಜ್ಜಿ, ಅಪ್ಪಂಗೊಂದು ಕಾಗದ ಬರಿ" ಎಂದು ನನ್ನ ಪ್ರಾಣ ತಿನ್ನುತ್ತಿದ್ದೀಯೆ. ನೋಡದ್ದನ್ನು ಬರೆಯಬೇಡಿ ಎಂದು ರಾತ್ರಿ ಶಾಲೆಯ ಮೇಷ್ಟ್ರು ಕಲಿಸಿದ್ದರು, ಅದಕ್ಕೇ ತಡೆದಿದ್ದೆ. ಈಗ ಕಣ್ಣಾರೆ ಕಂಡಿದ್ದನ್ನೆಲ್ಲ ಅವನಿಗೆ ಬರೆದಿದ್ದೇನೆ. ಕೊನೆಗೆ ಹೀಗೆಂದಿದ್ದೇನೆ: "ಹಗಲೆಲ್ಲ ಕಂಪ್ಯೂಟರಿಗೆ ಬಗ್ಗಿ ನಿನ್ನ ಕತ್ತೂ ಮರಗಟ್ಟಿದೆ. ರಜೆ ಹಾಕಿ ಬಂದು ಮಗಳ ಮುಂದೆ ಕೂತುಕೋ. ಇವಳ ಬಗ್ಗೆ ಹೆಮ್ಮೆ ಪಡಲು ನಾನೊಬ್ಬಳೇ ಸಾಲುತ್ತಿಲ್ಲ."

ಬೆಳಗಿನ ಅಂಚೆ ಹೊರಡುವ ಮೊದಲೇ ಅದನ್ನು ಪೆಟ್ಟಿಗೆಗೆ ಹಾಕಲು ಹೊರಟಿದ್ದೇನೆ.

ಅಜ್ಜಿ