ಮೆಟ್ಟಿಲ ಕೆಳಗೆ ಬಚ್ಚಿಟ್ಟ ಚಪ್ಪಲಿ

ಬೊಮ್ಮನಹಳ್ಳಿ
ಭಾನುವಾರ ಮಧ್ಯಾಹ್ನ

ಚಿಕ್ಕಮ್ಮಂಗೆ ಕೃಪಾಳ ಸ್ತೋತ್ರ. ಫೋನಲ್ಲಿ ಹೇಳಿದ್ರೆ ಅರ್ಧಕ್ಕೇ ನಗೋಕೆ ಶುರು ಮಾಡ್ತೀಯ, ಅದಕ್ಕೇ ಕಾರ್ಡು.

ಇಲ್ಲಿನ ಚರ್ಚ್ ಸಭೇಲಿ ಎಸ್ತರಮ್ಮ ಅಂತ ಒಬ್ಬರು ಅಜ್ಜಿ ಇದ್ದಾರೆ. ಹೊಸಬರು ಆರಾಧನೆ ಮುಗೀತಿದ್ದ ಹಾಗೇ ಯಾರನ್ನೂ ಮಾತಾಡಿಸದೆ ಓಡಿಹೋಗ್ತಾರೆ ಅಂತ, ಬಾಗಿಲಲ್ಲಿ ಬಿಟ್ಟ ಅವರ ಚಪ್ಪಲೀಲಿ ಒಂದನ್ನ ಬಚ್ಚಿಡ್ತಾರೆ. ಎರಡೂ ಹೋದ್ರೆ ಕಳ್ಳತನ ಅಂದ್ಕೋತಾರೆ, ಒಂದೇ ಹೋದ್ರೆ ನಿಂತು ಹುಡುಕ್ತಾರೆ ಅಂತಾರೆ. ಹೋದ ತಿಂಗಳು ನಾನೂ ಹುಡುಕಿದೆ. ಅಷ್ಟರಲ್ಲಿ ಟೀ ಬಂತು, ಹೆಸರು ಕೇಳಿದ್ರು, ನಮ್ಮ ಗಾರ್ಮೆಂಟ್ಸ್‌ನವಳೇ ಒಬ್ಬಳು ಸಿಕ್ಕಿದಳು. ಆಮೇಲೆ ಚಪ್ಪಲೀನೂ ಸಿಕ್ತು.

ಇವತ್ತು ಎಸ್ತರಮ್ಮಂಗೆ ಮಂಡಿನೋವು. "ನೀನೇ ನೋಡ್ಕೊಳೇ" ಅಂದ್ರು. ಹೊಸದಾಗಿ ಬಂದ ಹುಡುಗಿಯ ಎಡಗಾಲಿಂದು ತಗೊಂಡು ಮೆಟ್ಟಿಲ ಕೆಳಗೆ ಇಟ್ಟೆ. ಕೊನೇ ಹಾಡು ಮುಗಿಯೋಷ್ಟರಲ್ಲಿ ಬೀದಿನಾಯಿ ಕಚ್ಕೊಂಡು ಹೋಗಿತ್ತು! ಪಾಪ, ಅವಳಿಗೆ ಮೂರು ಸಲ ಟೀ ಕುಡಿಸಿದೆ, ನಾಯಿ ಬರಲೇ ಇಲ್ಲ. ಕೊನೆಗೆ ಒಪ್ಪಿಕೊಂಡೆ. "ಅಯ್ಯೋ ಅಕ್ಕಾ, ಬಸ್ ಹೆಂಗೆ ಹತ್ತಲಿ?" ಅಂದಳು. ನೀನು ಕೊಡಿಸಿದ್ದ ನನ್ನ ಕಂದು ಚಪ್ಪಲಿ ಹಾಕಿಸಿ ಕಳಿಸಿದೆ.

ಬರಿಗಾಲಲ್ಲಿ ರೂಮಿಗೆ ಬಂದು ಅಂಗಾಲು ಉರೀತಿದೆ, ಕೊಬ್ಬರಿ ಎಣ್ಣೆ ಹಚ್ಚಿದ್ದೀನಿ. ನೀನು ಕೇಳ್ತಿದ್ದ ಕೆಮ್ಮು ಪೂರ್ತಿ ಹೋಯ್ತು. ನಾಚಿಕೆಗೆ ಮುಂದಿನ ವಾರ ಆ ಕಡೆ ತಲೆ ಹಾಕೋದೇ ಬೇಡ ಅಂದ್ಕೊಂಡಿದ್ದೆ. ಎಸ್ತರಮ್ಮ ಮಾತ್ರ ಮಂಡಿ ತಿಕ್ಕೊಳ್ತಾ ನಕ್ಕರು: "ಬಿಡೇ, ಒಳ್ಳೇದೇ ಆಯ್ತು. ವಾಪಸ್ ಕೊಡೋಕಾದ್ರೂ ಅವಳು ಬರಬೇಕು, ಇಸ್ಕೊಳ್ಳೋಕಾದ್ರೂ ನೀನು ಬರಬೇಕು."

ಜಾಗ ಮುಗೀತು.
ಕೃಪಾ