ಮೂರನೇ ಗೇರಿನ ಹಲ್ಲು

ಹತ್ತನೇ ತಾರೀಕು, ಬುಧವಾರ, ಬೆಳಿಗ್ಗೆ

ನನಗೆ ಗೇರ್ ಹಾಕಲು ಬರುವುದಿಲ್ಲವೆಂದು ಊರಿಗೆಲ್ಲ ಸಾರಿದ ಮಹಾನುಭಾವರಿಗೆ,

'ಪ್ರೀತಿಯ' ಎಂದು ಬರೆಯುವ ಅಭ್ಯಾಸ ತಪ್ಪಿ ನಾಲ್ಕು ವರ್ಷವಾಯಿತು. ನೀವು ನನ್ನನ್ನು ಬಿಟ್ಟು ಬೇರೆ ಮನೆ ಮಾಡಿದ ಮೇಲೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ಕ್ಷೇಮವೇ ಎಂದು ಕೇಳುವುದಿಲ್ಲ. ತಮ್ಮ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿ ಕೈ ತೊಳೆದುಕೊಂಡವರು ಚೆನ್ನಾಗಿಯೇ ಇರುತ್ತಾರೆ.

ಮೊನ್ನೆ ಲಾಂಡ್ರಿಯ ಮ್ಯಾನೇಜರ್ ನನ್ನನ್ನು ಕರೆಸಿ ಕೂರಿಸಿದರು. ಮೂರು ಆಸ್ಪತ್ರೆಗಳ ಬಟ್ಟೆ ಸಾಗಿಸುವ ಕೆಲಸ ನನಗೇ ಕೊಡಬೇಕೆಂದಿದ್ದರಂತೆ. ನನ್ನ ಬಗ್ಗೆ ವಿಚಾರಿಸೋಣವೆಂದು ಅವರು ಲಾರಿ ಸ್ಟ್ಯಾಂಡಿಗೆ ಹೋದರೆ ಸಿಕ್ಕಿದ್ದು ನೀವು. ಅವಳ ಕೈಗೆ ಗಾಡಿ ಕೊಟ್ರೆ ಮುಗೀತು, ದಿಬ್ಬದಲ್ಲಿ ಗೇರ್ ತಪ್ಪಿಸಿ ಗಾಡಿ ಮಲಗಿಸಿದೋಳು ಅವಳು ಅಂದಿರಂತೆ. ಪಾಪ, ಹೇಳುವಾಗ ಅವರಿಗೇ ನಾಚಿಕೆಯಾಗುತ್ತಿತ್ತು. ಸೋಮವಾರ ತೀರ್ಮಾನ ಮಾಡುತ್ತಾರೆ. ಈ ಕೆಲಸ ಕೈತಪ್ಪಿದರೆ ನನಗೆ ಬೇರೆ ದಾರಿಯಿಲ್ಲವೆಂದು ಗೊತ್ತಿದ್ದೇ ನೀವು ಬಾಯಿ ಬಿಟ್ಟಿದ್ದು.

ಈಗ ಕೇಳಿ. ನಾನು ಗಾಡಿ ಕೊಂಡಿದ್ದೇನೆ. ಡೀಸೆಲ್ಲು, ಹಳೆಯದು, ಆಗ ನಮ್ಮಲ್ಲಿದ್ದ ಗಾಡಿಯಷ್ಟೇ ಗಾತ್ರ.

ಮೂರು ಗಾಡಿ ನೋಡಿದೆ. ಮೊದಲನೆಯದು ಆರು ಸಿಲಿಂಡರಿನದು, ನಿಮಗೆ ಬಾಯಲ್ಲಿ ನೀರೂರುವಂಥದ್ದು. ಮೈತುಂಬ ಸೆಂಟು ಬಳಿದುಕೊಂಡ ಬ್ರೋಕರ್, ಬೆಟ್ಟವನ್ನೇ ಎಳೆಯುತ್ತೆ ಅಕ್ಕ ಎಂದ. ಕೀಲಿ ತಿರುಗಿಸುವ ಮುಂಚೆ ನಾನು ಎಂಜಿನ್ ಮೇಲೆ ಅಂಗೈ ಇಟ್ಟೆ. ಬೆಳಿಗ್ಗೆ ಎಂಟಕ್ಕೇ ಬೆಚ್ಚಗಿತ್ತು, ನಾನು ಬರುವ ಮುಂಚೆಯೇ ಓಡಿಸಿ ಕಾಯಿಸಿಟ್ಟಿದ್ದ. ಮರುದಿನ ಹೇಳದೆ ಕೇಳದೆ ಆರಕ್ಕೆ ಹೋದೆ. ತಣ್ಣಗಿದ್ದ ಎಂಜಿನ್ ಕೆಮ್ಮಿ ಕೆಮ್ಮಿ, ಅಂಗಳದ ತುಂಬ ಬಿಳಿ ಹೊಗೆ ಬಿಟ್ಟು, ಏಳಲೋ ಬೇಡವೋ ಎಂದು ಎದ್ದಿತು. ಬ್ರೋಕರ್ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿ ಬಂದ.

ಎರಡನೆಯದು ಓಡಿದ್ದು ಬಹಳ ಕಡಿಮೆ ಎಂದರು. ಕಿಲೋಮೀಟರ್ ಕಡಿಮೆಯೇ. ಆದರೆ ಎಂಜಿನ್ ಎಷ್ಟು ಗಂಟೆ ದುಡಿದಿದೆ ಎಂದು ತೋರಿಸುವ ಮೀಟರ್ ಬೇರೆಯೇ ಕಥೆ ಹೇಳುತ್ತಿತ್ತು. ನಿಂತಲ್ಲೇ ನಿಂತು ವರ್ಷಗಟ್ಟಲೆ ಉರಿದ ಎಂಜಿನ್ ಅದು. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಅಲ್ಲೇ ಬೋರಲು ಇಟ್ಟು ನೋಡಿದೆ. ಒಳಗಿನ ಗಾಳಿಗೆ ಮುಚ್ಚಳ ತಕತಕ ಕುಣಿದು ಕೆಳಗೆ ಬಿತ್ತು. ಪಿಸ್ಟನ್ ರಿಂಗುಗಳು ಸವೆದಿವೆ ಎಂದು ಅದಕ್ಕಿಂತ ಚೆನ್ನಾಗಿ ಯಾರು ಹೇಳಬೇಕು?

ಮೂರನೆಯದನ್ನು ಕೊಂಡೆ. ಎಂಜಿನ್ ನಡುಗಾತ್ರದ್ದು, ಗೇರ್‌ಬಾಕ್ಸ್ ಆಟೋಮ್ಯಾಟಿಕ್. ಸ್ಟ್ಯಾಂಡಿನವರೆಲ್ಲ ಬೇಡವೆಂದರು, ಕೆಟ್ಟರೆ ರಿಪೇರಿ ತಲೆನೋವಂತೆ. ಇರಬಹುದು. ಅದರ ಎಣ್ಣೆ ಮೂಸಿ ನೋಡಿದೆ, ಸುಟ್ಟ ವಾಸನೆಯಿಲ್ಲ. ಮೂರು ಆಸ್ಪತ್ರೆಗಳ ಒಂದೊಂದು ವಾರ್ಡಿನ ಬಾಗಿಲಿಗೂ ಹೋಗಿ ಬರಲು ದಿನಕ್ಕೆ ನಲವತ್ತು ಸಲ ನಿಲ್ಲಿಸಿ ಹೊರಡಬೇಕು. ಅಷ್ಟು ಸಲ ಕ್ಲಚ್ ತುಳಿಯಲು ನನ್ನ ಎಡ ಮಂಡಿ ಒಪ್ಪುವುದಿಲ್ಲ. ಯಾಕೆಂದು ನಿಮಗೆ ಹೇಳಬೇಕಿಲ್ಲ.

ಮೂರೂ ಕಡೆ ನನ್ನ ಜೊತೆ ಬಂದವರು ನಿಮ್ಮಣ್ಣ. ಹೌದು, ನಿಮ್ಮ ಸ್ವಂತ ಅಣ್ಣ, ಮೆಕ್ಯಾನಿಕ್ ಭಾವನೇ. ಮೂರನೇ ಗಾಡಿಯ ಕೆಳಗೆ ಮಲಗಿ ಎಂಜಿನ್ ಮೇಲಿನ ನಂಬರ್ ತಗಡು, ಗೇರ್‌ಬಾಕ್ಸ್ ಮೇಲಿನ ತಗಡು ಎರಡನ್ನೂ ಒರೆಸಿ ನಂಬರ್ ಬರೆದುಕೊಂಡರು. ಯಾಕೆ ಭಾವ ಎಂದೆ. ಎಂಜಿನ್ ತಿರುಚುವಷ್ಟು ಬಲವನ್ನು ಗೇರ್‌ಬಾಕ್ಸ್ ತಾಳಬೇಕಮ್ಮ, ಇಲ್ಲದಿದ್ದರೆ ಹಲ್ಲು ಮುರಿಯುತ್ತೆ ಎಂದರು. ಎಂದವರೇ ಗಪ್ಪನೆ ಬಾಯಿ ಮುಚ್ಚಿಕೊಂಡರು. ನಾನು ಬಿಡಲಿಲ್ಲ.

ದೊಡ್ಡ ಲಾರಿಯ ಎಂಜಿನ್ ತಂದು ನಮ್ಮ ಗಾಡಿಗೆ ಕೂರಿಸಿದಿರಲ್ಲ, ಆಗ ಅವರು ನಿಮಗೆ ಹೇಳಿದ್ದರಂತೆ, ಗೇರ್‌ಬಾಕ್ಸೂ ಬದಲಾಯಿಸು ಎಂದು. ಅದನ್ನ ಆಮೇಲೆ ನೋಡೋಣ, ಮೊದಲು ಗಾಡಿ ಎಳೀಲಿ, ಸ್ಟ್ಯಾಂಡಿನೋರು ನೋಡ್ಲಿ ಎಂದಿರಂತೆ. ಎಲ್ಲರೂ ನೋಡಿದರು. ದಿಬ್ಬದ ನಡುವೆ ಮೂರನೇ ಗೇರು ಕಟಕಟನೆ ಮುರಿದು, ತುಂಬಿದ ಗಾಡಿ ಹಿಂದಕ್ಕೆ ಜಾರಿ ಚರಂಡಿಗೆ ವಾಲಿತು. ನನ್ನ ಮಂಡಿ ಗೇರ್ ಲಿವರಿಗೂ ಡ್ಯಾಶ್‌ಬೋರ್ಡಿಗೂ ನಡುವೆ ಸಿಕ್ಕಿಕೊಂಡಿತು. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ನಿಂತು, ಗೇರ್ ತಪ್ಪಿಸಿದೆಯಲ್ಲೇ ಎಂದಿರಿ. ನಾನು ನಂಬಿದೆ. ನಾಲ್ಕು ವರ್ಷ ಕನ್ನಡಿಯಲ್ಲಿ ನನ್ನ ಮುಖವನ್ನೇ ಬೈದುಕೊಂಡೆ. ಆ ನಾಲ್ಕು ವರ್ಷಕ್ಕಾಗಿ ನಿಮ್ಮನ್ನು ದ್ವೇಷಿಸುತ್ತೇನೆ. ಮಂಡಿಗಾಗಿ ಕೂಡ ಇಷ್ಟು ದ್ವೇಷವಿಲ್ಲ.

ಆದ್ದರಿಂದ ಶನಿವಾರದೊಳಗೆ ಮ್ಯಾನೇಜರಿಗೆ ನಿಮ್ಮ ಕೈಯಾರೆ ಎರಡು ಸಾಲು ಬರೆದುಕೊಡಿ. ಗೇರ್ ತಪ್ಪಿಸಿದ್ದು ಅವಳಲ್ಲ, ತಾಳಲಾರದ ಗೇರ್‌ಬಾಕ್ಸಿಗೆ ಆ ಎಂಜಿನ್ ಕಟ್ಟಿದ್ದು ನಾನು ಎಂದು. ಕ್ಷಮೆ ಗಿಮೆ ಬೇಡ. ನಿಮ್ಮ ಅಕ್ಷರ ಕೆಟ್ಟದು, ನಿಧಾನವಾಗಿ ಬರೆಯಿರಿ.

ಒಂದು ಮಾತನ್ನು ಮಾತ್ರ ನಿಮ್ಮ ಪರವಾಗಿ ಹೇಳಬೇಕು. ಯಾರಿಗೂ ಮುಟ್ಟಲು ಬಿಡದಿದ್ದ ಆ ಗಾಡಿಯ ಕೀಲಿಯನ್ನು ಆ ದಿನ ನನ್ನ ಕೈಗಿಟ್ಟಿರಿ. ಇವತ್ತು ನೀನು ಓಡಿಸು, ನಾನು ಹಿಂದೆ ಬೈಕಲ್ಲಿ ಬರ್ತೀನಿ ಎಂದಿರಿ. ಹನ್ನೊಂದು ವರ್ಷದ ಸಂಸಾರದಲ್ಲಿ ನೀವು ನನ್ನನ್ನು ನಂಬಿದ್ದು ಆ ಒಂದೇ ದಿನ. ಇಷ್ಟೆಲ್ಲ ಆದರೂ ಅದನ್ನು ಮರೆಯಲು ನನ್ನಿಂದ ಆಗಿಲ್ಲ.

ಇಂತಿ,
ಎಡಗಾಲು ಕುಂಟಿದರೂ ಎರಡು ಕೈ ನೆಟ್ಟಗಿರುವ ಡ್ರೈವರ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮಣ್ಣ ಬಂದರು. ಆಗ ನಮ್ಮ ಗಾಡಿಯಿಂದ ಬಿಚ್ಚಿ ಹಳೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಮೂರನೇ ಗೇರನ್ನು ಮೇಜಿನ ಮೇಲಿಟ್ಟರು. ನಾಲ್ಕು ಹಲ್ಲು ಇಲ್ಲ. ತಮ್ಮನಲ್ಲವೇ ಎಂದು ಇಷ್ಟು ದಿನ ಬಚ್ಚಿಟ್ಟಿದ್ದರಂತೆ. ಅವರಿಗೂ ನನ್ನಿಂದ ಸರಿಯಾಗಿ ಮಂಗಳಾರತಿಯಾಯಿತು. ಆಮೇಲೆ ಉಳಿದದ್ದನ್ನೂ ಹೇಳಿದರು. ಆ ದಿನ ಬೆಳಿಗ್ಗೆ ನೀವು ಗಾಡಿಯನ್ನು ಮೊದಲು ಅವರ ಗ್ಯಾರೇಜಿಗೇ ತಂದಿದ್ದಿರಂತೆ. ಮೂರನೇ ಗೇರಿನಲ್ಲಿ ಊಳಿಡುತ್ತಿದೆ ಎಂದಿರಂತೆ. ಲೋಡು ಹಾಕಬೇಡ, ದಿಬ್ಬ ಹತ್ತಿದರೆ ಮುರಿಯುತ್ತೆ, ಇಲ್ಲೇ ಬಿಟ್ಟು ಹೋಗು ಎಂದು ಅವರು ಬೇಡಿಕೊಂಡರಂತೆ. ನೀವು ಹೂಂಗುಟ್ಟಿ ಹೊರಟು, ಲೋಡು ತುಂಬಿಸಿಕೊಂಡು, ನೇರ ನನ್ನ ಹತ್ತಿರ ಬಂದಿರಿ. ಕೀಲಿ ಕೊಟ್ಟಿರಿ.

ಮ್ಯಾನೇಜರಿಗೆ ನೀವು ಏನೂ ಬರೆಯಬೇಡಿ. ನಾಳೆ ಗೇರ್ ಹಿಡಿದುಕೊಂಡು ನಿಮ್ಮಣ್ಣನೇ ಹೋಗುತ್ತಾರೆ. ಮೇಲೆ ನಿಮ್ಮ ಪರವಾಗಿ ಬರೆದದ್ದಕ್ಕೆ ಕಾಟು ಹೊಡೆದಿದ್ದೇನೆ. ಒಂದೇ ಗೆರೆ ಎಳೆದಿದ್ದೇನೆ, ನಿಮಗೆ ಓದಲು ಬರಲಿ ಎಂದು.